ಮೂಲೆಯಲ್ಲಿ ನನ್ನ ಹೆಸರು

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಪರೀಕ್ಷೆಯಲ್ಲಿ ನಕಲು ಮಾಡಿದವರನ್ನು ಹಿಡಿಯುವುದರಲ್ಲಿ ನನಗೆ ಹೆಸರಿದೆ. ಎರಡು ಸಾಲು ಓದಿದರೆ ಸಾಕು, ಯಾರು ಯಾರ ಉತ್ತರ ನೋಡಿ ಬರೆದಿದ್ದಾರೆ ಎಂದು ಹೇಳಿಬಿಡುತ್ತೇನೆ. ಹೇಳಿ ಸುಮ್ಮನಿರುವವಳೂ ಅಲ್ಲ, ಇಡೀ ತರಗತಿಯ ಮುಂದೆ ನಿಲ್ಲಿಸಿ ನೀರಿಳಿಸುತ್ತೇನೆ. “ನಿನ್ನ ತಲಿ ಎಲ್ಲಿ ಒತ್ತಿ ಇಟ್ಟು ಬಂದೀ?” ಎಂದು ನಾನು ಕೇಳುವುದನ್ನು ಮಕ್ಕಳು ನನ್ನ ಬೆನ್ನ ಹಿಂದೆ ನನ್ನದೇ ದನಿಯಲ್ಲಿ ಆಡಿ ತೋರಿಸುತ್ತಾರಂತೆ. ಇಂಥವಳು ಕದ್ದ ಕತೆ ಇದು. ಕದ್ದದ್ದು ಮನೆಯೊಳಗೇ, ನನಗೆ ದಿನಾ ರೊಟ್ಟಿ ಬಡಿದು ಕೊಡುವವಳಿಂದ.

ಕಲಘಟಗಿಯಲ್ಲಿ ನಮ್ಮ ಮನೆ. ಭಾವ ಹತ್ತಿರದ ತಂಬೂರ ಊರಿನ ಹೊಲ ನೋಡಿಕೊಳ್ಳುತ್ತಾರೆ. ನನ್ನ ಯಜಮಾನರು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಯ ಆಫೀಸಿಗೆ ಹೋಗಿ ಸಂಜೆ ಬರುತ್ತಾರೆ. ನಾನು ಶಾಲೆಗೆ ಹೋಗುತ್ತೇನೆ. ಹೀಗೆ ಎಲ್ಲರೂ ಎದ್ದು ಹೋದ ಮೇಲೆ ಮನೆಯಲ್ಲಿ ಉಳಿದು ಮನೆಯನ್ನು ನಡೆಸುವವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕಾ ಎನ್ನುತ್ತೇನೆ, ಎದುರಿಗೆ ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಮಾತ್ರ ‘ಅವಳು’ ಎಂದೇ ಬರುತ್ತದೆ. ಅದು ಸಲುಗೆಯೋ ಸೊಕ್ಕೋ ನನಗೆ ತಿಳಿಯದು.

ಅಕ್ಕನ ತವರು ನವಲಗುಂದದ ಕಡೆಯ ತಿರ್ಲಾಪುರ. ಹತ್ತಿ ಬೆಳೆಯುವ ಕಪ್ಪು ಎರೆಭೂಮಿ. ನಮ್ಮ ಕಡೆಯ ಭತ್ತದ ಗದ್ದೆ, ಗಿಡಮರ ನೋಡಿದರೆ ಅವಳಿಗೆ ಇವತ್ತಿಗೂ ಉಸಿರು ಕಟ್ಟಿದಂತಾಗುತ್ತದಂತೆ. ಕಣ್ಣು ಹೋದಷ್ಟು ದೂರ ಬಯಲು ಇರಬೇಕು ಅನ್ನುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಮತ್ತೊಮ್ಮೆ ಪರೀಕ್ಷೆಗೆ ಕೂಡುತ್ತೇನೆ ಎಂದು ಕೇಳಿಕೊಂಡಳಂತೆ, ಮನೆಯವರು ಒಪ್ಪಲಿಲ್ಲ, ಮರುವರ್ಷ ಮದುವೆ ಮಾಡಿ ಈ ಮನೆಗೆ ಕಳಿಸಿದರು. ನಾನು ಇಲ್ಲಿಗೆ ಸೊಸೆಯಾಗಿ ಬರುವ ಹೊತ್ತಿಗೆ ಎಂ.ಎ., ಬಿ.ಎಡ್. ಮುಗಿಸಿ ನೌಕರಿಯಲ್ಲಿದ್ದೆ. ನಮ್ಮಿಬ್ಬರ ನಡುವೆ ದೊಡ್ಡ ಜಗಳ ಎಂದೂ ಆದದ್ದಿಲ್ಲ. ಅದಕ್ಕೆ ನನ್ನ ಒಳ್ಳೆಯ ಗುಣವೇ ಕಾರಣ ಎಂದು ಬಹಳ ವರ್ಷ ತಿಳಿದುಕೊಂಡಿದ್ದೆ.

ಒಂದು ಮಳೆಗಾಲ ನಮ್ಮ ಶಾಲೆಯ ಗ್ರಂಥಾಲಯದ ಕೋಣೆ ಸೋರಿ, ಗೋಡೆಗೆ ಹತ್ತಿದ ಕಪಾಟಿಗೆ ಗೆದ್ದಲು ಹಿಡಿಯಿತು. ಅರ್ಧ ತಿಂದುಹೋದ ಪುಸ್ತಕಗಳನ್ನು ಪಟ್ಟಿಯಿಂದ ತೆಗೆದು ರದ್ದಿಗೆ ಹಾಕಬೇಕೆಂದು ಹೆಡ್‌ಮಾಸ್ಟರು ಹೇಳಿದರು. ನಮ್ಮ ಓಣಿಗೆ ರದ್ದಿಯವನು ಬರುತ್ತಾನೆಂದು ಎರಡು ಚೀಲ ತುಂಬಿ ಮನೆಗೆ ತರಿಸಿದೆ. ಅಕ್ಕ ಪಡಸಾಲೆಯಲ್ಲಿ ಕುಳಿತು ಚೀಲ ಸುರಿದು, ಜೋಳ ಆರಿಸುವ ಹಾಗೆ ಪುಸ್ತಕ ಆರಿಸಿದಳು. ಹತ್ತು ಹನ್ನೆರಡು ತೆಗೆದಿಟ್ಟುಕೊಂಡು, “ಇವು ಇರ್ಲಿ” ಅಂದಳು. ಅಡುಗೆಮನೆಯ ಹಲಗೆಗೆ ಹಾಸಲಿಕ್ಕೆ ಇರಬೇಕೆಂದುಕೊಂಡೆ.

ಒಂದು ರವಿವಾರ ಮಧ್ಯಾಹ್ನ ನೋಡುತ್ತೇನೆ, ಭಾವನ ಗಡ್ಡ ಬೋಳಿಸುವ ಬ್ಲೇಡು ಹಿಡಿದು ಭೂಗೋಳದ ಪುಸ್ತಕದ ಹಾಳೆ ಕೊಯ್ಯುತ್ತಿದ್ದಾಳೆ. ನನ್ನೊಳಗಿನ ಮಾಸ್ತರಿಣಿ ಎದ್ದು ಕುಳಿತಳು.

“ಅಕ್ಕಾ, ಪುಸ್ತಕಾ ಕೊಯ್ತಾರೇನ್ರಿ? ಸರಸ್ವತಿ ಅಲ್ಲೇನ್ರಿ ಅದು?”

ಅವಳು ತಲೆ ಎತ್ತಲಿಲ್ಲ. “ಗೆದ್ದಲ ಕೊರಿಯೂಮುಂದ ಸರಸ್ವತಿ ಎಲ್ಲಿಗೆ ಹೋಗಿದ್ಳಬೇ? ಸಾಲ್ಯಾಗ ನೀವೆಲ್ಲಾ ಇದ್ರಲ್ಲ, ನೋಡಕೊಳ್ಳಾಕ.”

ನಾನು ಒಳಗೆ ಹೋದೆ. ಮುಂದಿನ ತಿಂಗಳು ಪೂರ್ತಿ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಅವಳದು ಅದೇ ಕೆಲಸ. ಬ್ಲೇಡು, ಹಳೆ ಬಟ್ಟೆಯ ಕೌದಿ ಹೊಲೆಯುವ ದೊಡ್ಡ ಸೂಜಿ, ಕಪ್ಪು ದಾರ, ಮೈದಾಹಿಟ್ಟು ಕುದಿಸಿ ಮಾಡಿದ ಅಂಟು. ನಾನು ಶಾಲೆಯಿಂದ ಬಂದು ನೋಡಿ, “ಆತೇನ್ರಿ ನಿಮ್ಮ ಕಸಾಯಿಖಾನಿ?” ಎಂದು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು.

ಮುಗಿದ ದಿನ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ತೆರೆ ಎಂದಳು. ತೆರೆದೆ. ಒಂದೊಂದು ಹಾಳೆಯನ್ನೂ ಅರ್ಧಕ್ಕೆ ಓರೆಯಾಗಿ ಮಡಿಚಿ ನಿಲ್ಲಿಸಿದ್ದಳು. ಅಚ್ಚಿನ ಸಾಲುಗಳ ಮೇಲೆ ಕೌದಿಯ ಹೊಲಿಗೆ ಕಪ್ಪಗೆ ಓಡಿತ್ತು. ಆಗತಾನೆ ಬಿತ್ತಿದ ಎರೆಹೊಲ ಅದು, ನೋಡಿದವರಿಗೆ ಯಾರಿಗಾದರೂ ತಿಳಿಯುತ್ತಿತ್ತು. ಒಂದು ಬದುವಿಗೆ ಹಳೆಯ ಇಳಕಲ್ ಸೀರೆಯ ಕೆಂಪು ಅಂಚು. ಇಡೀ ಪುಟದ ಅಕ್ಷರಗಳನ್ನು ಮಣ್ಣಿನ ಬಣ್ಣದಿಂದ ಮುಚ್ಚಿ, ಅಲ್ಲಲ್ಲಿ ಮೂರೇ ಶಬ್ದ ಬಿಟ್ಟಿದ್ದಳು: ‘ಇಲ್ಲಿಂದ’, ‘ಬಹು’, ‘ದೂರ’. ಭೂಗೋಳ ಬರೆದ ಪುಣ್ಯಾತ್ಮನಿಗೆ ತನ್ನ ಪಾಠದಲ್ಲಿ ತಿರ್ಲಾಪುರ ಅಡಗಿದೆ ಎಂದು ಗೊತ್ತಿರಲಿಕ್ಕಿಲ್ಲ. ಕೊನೆಯವರೆಗೆ ನೋಡಿ, ಮತ್ತೆ ಮೊದಲ ಹಾಳೆಗೆ ತಿರುವಿದೆ. ಅದೇ ಅವಳಿಗೆ ದೊಡ್ಡ ಬಹುಮಾನವಾಗಿರಬೇಕು, ಮುಖ ಅರಳಿತು.

ಆ ಸಂಜೆಯೇ ಅಕ್ಕನಿಗೆ ಹೇಳಿ ಅದರ ಫೋಟೋ ತೆಗೆದು ಫೇಸ್‌ಬುಕ್ಕಿನ ಒಂದು ಗುಂಪಿಗೆ ಹಾಕಿದೆ. ಪುಸ್ತಕ ಓದುವವರು, ಕೈಕೆಲಸ ಮಾಡುವವರು ಸೇರಿಕೊಂಡ ಗುಂಪು ಅದು. ಹಾಕುವ ಮೊದಲು ಫೋಟೋದ ಬಲಗಡೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಬರೆದೆ.

ಯಾಕೆ ಬರೆದೆ ಎಂಬುದನ್ನು ಎಷ್ಟೋ ಸಲ ನನಗೆ ನಾನೇ ಕೇಳಿಕೊಂಡಿದ್ದೇನೆ. ನಮ್ಮ ಕಡೆ ಮನೆಗೆ ಹೊಸ ಸ್ಟೀಲಿನ ಪಾತ್ರೆ ತಂದರೆ ಅಂಗಡಿಯಲ್ಲೇ ಹೆಸರು ಹಾಕಿಸುತ್ತಾರೆ. ಅಂಗಡಿಯವನು ಟರ್ರೆಂದು ಸದ್ದು ಮಾಡುವ ಮಷೀನು ಹಿಡಿದು ಕೊಡದ ಕಂಠದ ಮೇಲೆ ಕೊರೆದುಕೊಡುತ್ತಾನೆ. ಮದುವೆಗೆ ಆಹೇರಿ ಕೊಡುವ ತಟ್ಟೆಯ ಮೇಲೆ ಕೊಟ್ಟವರ ಹೆಸರು. ಓಣಿಯ ಕಾರ್ಯಕ್ಕೆ ಕಳಿಸುವ ಕೊಳಗದ ಮೇಲೆ ಮನೆಯವರ ಹೆಸರು, ತಿರುಗಿ ನಮ್ಮ ಮನೆಗೇ ಬರಲಿ ಅಂತ. ಪಾತ್ರೆ ಮಾಡಿದವನ ಹೆಸರು ಯಾರೂ ಕೇಳಿದ್ದಿಲ್ಲ. ನಮ್ಮೂರಿನ ಬಣ್ಣದ ತೊಟ್ಟಿಲು ಊರೂರಿಗೆ ಹೋಗುತ್ತದೆ. ಬಂದವರು ಯಾರು ಕೊಡಿಸಿದರು ಎಂದು ಕೇಳುತ್ತಾರೆ, ತವರಿನವರು ಎಂದು ಉತ್ತರ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದರ ಮೇಲೆ ಕೂತು ಕೂತು ಚಿತ್ರ ಬರೆದವರ ಸುದ್ದಿ ಬರುವುದಿಲ್ಲ. ಹೆಸರು ಎಂದರೆ ಯಾರ ಮನೆಯದು ಎನ್ನುವ ಗುರುತು, ಅಷ್ಟೇ. ನಾನೂ ಹಾಗೆಯೇ ಹಾಕಿದೆ, ಫೋಟೋ ಎಲ್ಲಿಯೋ ಕಳೆದುಹೋಗಬಾರದು ಅಂತ. ಮೊದಲ ದಿನದ ಮಟ್ಟಿಗೆ ಇದು ನಿಜ. ಎರಡನೆಯ ದಿನದಿಂದ ಇದು ನೆಪ.

ಏಕೆಂದರೆ ಎರಡನೆಯ ದಿನ ಬೆಳಗ್ಗೆ ಫೋನು ತೆಗೆದರೆ ಹೊಗಳಿಕೆಯ ಮಳೆ ಸುರಿದಿತ್ತು. “ಮೇಡಂ, ನಿಮ್ಮ ಕೈಗೆ ನಮಸ್ಕಾರ.” “ಕನ್ನಡದಲ್ಲಿ ಇಂಥ ಕೆಲಸ ಮಾಡುವವರು ಇದ್ದಾರೆಂದೇ ಗೊತ್ತಿರಲಿಲ್ಲ.” “ಎಷ್ಟು ದಿನ ಹಿಡಿಯಿತು ಮೇಡಂ?” ಒಂದು ಸಾಲು ಬರೆದರೆ ಮುಗಿಯುತ್ತಿತ್ತು, ಇದು ನನ್ನದಲ್ಲ, ನಮ್ಮ ಅಕ್ಕ ಮಾಡಿದ್ದು ಎಂದು. ನಾನು ಬರೆದದ್ದು, “ಧನ್ಯವಾದಗಳು. ಸುಮಾರು ಒಂದು ತಿಂಗಳು.” ಹದಿನೆಂಟು ವರ್ಷ ಪಾಠ ಹೇಳಿದ್ದೇನೆ, ಯಾರೊಬ್ಬರೂ ನನ್ನ ಕೈಗೆ ನಮಸ್ಕಾರ ಎಂದವರಿರಲಿಲ್ಲ. ಆ ಮಾತು ಎಷ್ಟು ಸಿಹಿಯಾಗಿತ್ತು ಎಂಬುದನ್ನು ಈಗ ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಅಂದು ಸಂಜೆ ಅಕ್ಕ ರೊಟ್ಟಿ ಬಡಿಯುತ್ತಾ ಕೇಳಿದಳು. “ಮಂದಿ ನೋಡಿದ್ರೇನಬೇ?”

“ಭಾಳ ಮಂದಿ ನೋಡ್ಯಾರ್ರಿ. ಅಗದಿ ಚಲೋ ಐತಿ ಅಂದಾರ.”

“ಓದಿ ಹೇಳಬೇ.”

ನಾನು ಬಾಗಿಲಿಗೆ ಒರಗಿ ಒಂದೊಂದಾಗಿ ಓದಿದೆ. ಓದುವಾಗ ‘ಮೇಡಂ’ ಬಂದಲ್ಲೆಲ್ಲ ನುಂಗಿಕೊಂಡೆ. ಅವಳ ಕೈ ನಿಂತುಬಿಟ್ಟಿತ್ತು, ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದಾಗ ಎಚ್ಚರವಾದಳು. ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಕೇಳಿದಳು.

“ಯಾರ ಮಾಡ್ಯಾರ ಅಂತ ಕೇಳ್ಲಿಲ್ಲೇನು?”

“ಕೇಳ್ಯಾರ್ರಿ. ಹೇಳೇನಿ.”

“ಹೌದಾ” ಎಂದು ಮತ್ತೊಂದು ಹಿಟ್ಟಿನ ಉಂಡೆ ಹಿಡಿದಳು. ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ನಗು ಮರೆಮಾಡಿಕೊಂಡದ್ದನ್ನು ನಾನು ನೋಡಿದೆ. ಅವಳು ಈ ಲೋಕದಿಂದ ಬಯಸಿದ್ದು ಅಷ್ಟೇ, ಇದನ್ನು ಇಂಥವಳು ಮಾಡಿದಳು ಎಂದು ನಾಲ್ಕು ಜನ ತಿಳಿಯಲಿ ಎಂಬುದು. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಮೇಲೂ ನಾನು ತಿದ್ದಲಿಲ್ಲ.

ಆ ಮೇಲಿನದು ಬೇಗ ಬೇಗ ನಡೆಯಿತು. ಅಕ್ಕ ಎರಡನೆಯದನ್ನು ಮಾಡಿದಳು, ದನಗಳ ರೋಗದ ಪುಸ್ತಕವನ್ನು ಒಳಗೊಳಗೇ ಕೊರೆದು ಕೊಟ್ಟಿಗೆ ಮಾಡಿ, ಕಾಗದದ ಎತ್ತು ನಿಲ್ಲಿಸಿದ್ದಳು. ನಾನು ಹಾಕಿದೆ, ಮೂಲೆಯಲ್ಲಿ ನನ್ನ ಹೆಸರು. ಗುಂಪಿನಲ್ಲಿ ನನಗೆ ಒಂದು ಸ್ಥಾನ ಬಂತು. ಬರೀ ಇವನ್ನೇ ಹಾಕಿದರೆ ಸಾಲದೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಬೇರೆ ದೇಶದವರು ಪುಸ್ತಕ ಕೊರೆದು, ಮಡಿಚಿ ಮಾಡಿದ ಕಲೆಯ ಚಿತ್ರಗಳನ್ನೂ ಹಾಕತೊಡಗಿದೆ. ಅವರ ಹೆಸರನ್ನು ಒಂದಕ್ಷರ ತಪ್ಪದೆ ಬರೆಯುತ್ತಿದ್ದೆ, ಬಾಯಲ್ಲಿ ತಿರುಗದ ಹೆಸರುಗಳನ್ನು ಎರಡು ಸಲ ನೋಡಿ ಸರಿಪಡಿಸುತ್ತಿದ್ದೆ. ಎಲ್ಲಿಯ ದೇಶದವರಿಗೋ ಸಂದ ಮರ್ಯಾದೆ ಅದು. ಅಡುಗೆಮನೆಯಲ್ಲಿದ್ದವಳ ಹೆಸರು ನಾಲ್ಕೇ ಅಕ್ಷರ, ಅದನ್ನು ಬರೆಯಲು ನನ್ನ ಕೈಗೆ ಆಗಲಿಲ್ಲ.

ಒಮ್ಮೆ ಯಾರೋ ಒಬ್ಬರು ಬೇರೆಯವರ ಕೆಲಸದ ಫೋಟೋವನ್ನು ಹೆಸರು ಹಾಕದೆ ಹಂಚಿದರು. ನಾನು ಅವರ ಮೇಲೆ ಹರಿಹಾಯ್ದೆ. ಮಾಡಿದವರ ಹೆಸರಿಲ್ಲದೆ ಕಲೆಯನ್ನು ಹಂಚುವುದು ಕಳ್ಳತನ, ಇಂಥದ್ದು ಎಲ್ಲಿ ಕಂಡರೂ ಎಲ್ಲರೂ ಸೇರಿ ಕೇಳಬೇಕು, ಸುಮ್ಮನಿರುವುದೂ ಕಳ್ಳತನವೇ ಎಂದು ಉದ್ದಕ್ಕೆ ಬರೆದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಿರಿಯರು ನನ್ನಂಥವರನ್ನು ನೋಡಿಯೇ ಅಂದಿರಬೇಕು. ಗುಂಪಿನವರು ಚಪ್ಪಾಳೆ ತಟ್ಟಿದರು. ಅದನ್ನೇ ಗುಂಪಿನ ನಿಯಮವೆಂದು ಎಲ್ಲಕ್ಕಿಂತ ಮೇಲೆ ಹಾಕಿದರು. ಆ ನಿಯಮ ಒಂದು ದಿನ ಯಾರ ಮೈಮೇಲೆ ಬೀಳುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಶಾಲೆಗೂ ಸುದ್ದಿ ಮುಟ್ಟಿತು. ಮಕ್ಕಳಿಗೆ ಒಂದು ತಾಸು ಮಾಡಿ ತೋರಿಸಿರಿ ಎಂದು ಹೆಡ್‌ಮಾಸ್ಟರು ಕೇಳಿದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಳೆಯ ಪುಸ್ತಕ, ಬ್ಲೇಡು ಹಿಡಿದು ನಿಂತೆ. ಮೊದಲ ಕೊಯ್ತಕ್ಕೇ ಐದು ಹಾಳೆ ಹರಿದು ಬಂದವು. ಮಡಿಚಿದ್ದು ನಿಲ್ಲಲಿಲ್ಲ. “ಇವತ್ತ ಯಾಕೋ ಕೈ ನೋವೈತಿ” ಎಂದು ಮಣಿಕಟ್ಟು ಒತ್ತಿಕೊಂಡೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಓಡಿ ಹೋಗಿ ನನಗೆ ಹಚ್ಚಿಕೊಳ್ಳಲು ಮುಲಾಮು ತಂದುಕೊಟ್ಟಳು. ಅದನ್ನು ಅವಳ ಎದುರಿಗೇ ಹಚ್ಚಿಕೊಂಡೆ.

ಮೂರನೆಯ ಪುಸ್ತಕ ಇಂಗ್ಲಿಷ್ ವ್ಯಾಕರಣದ್ದು. ಅದಕ್ಕೆ ಅಕ್ಕ ಬಹಳ ದಿನ ತೆಗೆದುಕೊಂಡಳು. ದಪ್ಪ ಪುಸ್ತಕದ ನಡುವೆ ಚೌಕಾಗಿ ಕಿಟಕಿ ಕೊರೆದು, ಕಿಟಕಿಗೆ ಉರುಟಾಗಿ ಸುತ್ತಿದ ಕಾಗದದ ಸರಳು ಹಾಕಿ, ಆ ಸರಳಿನ ಹಿಂದೆ ಎರಡು ಜಡೆಯ ಹುಡುಗಿಯನ್ನು ನಿಲ್ಲಿಸಿದ್ದಳು. ಹುಡುಗಿ ಹೊರಗೆ ನೋಡುತ್ತಿದ್ದಾಳೆ. ಅವಳ ಲಂಗದ ತುಂಬ ಇಂಗ್ಲಿಷ್ ಅಕ್ಷರ. ಅದು ಯಾರೆಂದು ಅಕ್ಕ ನನಗೆ ಹೇಳಬೇಕಾದ್ದಿರಲಿಲ್ಲ. ಅದನ್ನೂ ಗುಂಪಿಗೆ ಹಾಕಿದೆ. ಒಬ್ಬರು ಕೇಳಿದರು, “ಈ ಹುಡುಗಿ ಯಾರು ಮೇಡಂ?”

ನಾನು ಬರೆದೆ, “ಇದು ನನ್ನ ಬಾಲ್ಯ.”

ಇಂಗ್ಲಿಷಿನಲ್ಲಿ ನಾನು ಇಡೀ ಶಾಲೆಗೇ ಮೊದಲು ಬಂದವಳು. ಅವಳ ಹೆಸರು ಕದ್ದದ್ದಾಯಿತು, ಕೈಕೆಲಸ ಕದ್ದದ್ದಾಯಿತು. ಕೊನೆಗೆ ಅವಳು ಫೇಲಾದದ್ದನ್ನೂ ಬಿಡದೆ ಕದ್ದೆ.

ಅಕ್ಕನ ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದೆ. ಅವಳು ತವರಿಗೆ ಬಂದಾಗ ತನ್ನ ಹಳೆಯ ಫೋನನ್ನು ತಾಯಿಗೆ ಕೊಟ್ಟು, ಫೇಸ್‌ಬುಕ್ಕಿನಲ್ಲಿ ಅಕ್ಕನದೇ ಒಂದು ಪುಟ ತೆರೆದುಕೊಟ್ಟು ಹೋದಳು. ನಾನು ಆಗ ಕಿರುಪರೀಕ್ಷೆಯ ಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿದ್ದೆ, ನನಗೆ ಯಾರೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳುವಂಥ ದೊಡ್ಡ ಸಂಗತಿ ಎಂದು ಅವರಿಗೆ ಅನಿಸಿರಲಿಲ್ಲ. ಮಗಳೇ ಆ ಗುಂಪಿಗೂ ಸೇರಿಸಿದ್ದಳು, ಚಿಕ್ಕಮ್ಮ ಇರುವ ಗುಂಪಲ್ಲವೇ ಎಂದು.

ಮಗಳು ಹೋದ ಮರುದಿನ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಅಕ್ಕ ಕಟ್ಟಿದ ರೊಟ್ಟಿ, ಎಣಗಾಯಿ. ಫೋನು ಒಂದರ ಮೇಲೊಂದು ಸದ್ದು ಮಾಡಿತು. “ಮೇಡಂ, ನೋಡ್ರಿ, ಯಾರೋ ನಿಮ್ಮ ಕೆಲಸ ಕದ್ದು ಹಾಕ್ಯಾರ.” ಒತ್ತಿ ನೋಡಿದರೆ ಎರಡು ಜಡೆಯ ಹುಡುಗಿ. ನಮ್ಮ ಪಡಸಾಲೆಯ ನೆಲಹಾಸಿನ ಮೇಲೆ ಇಟ್ಟು ತೆಗೆದ ಫೋಟೋ, ಸ್ವಲ್ಪ ಅಲುಗಾಡಿ ಮಸುಕಾಗಿತ್ತು. ಕೆಳಗೆ ಎರಡೇ ಶಬ್ದ: “ನಾ ಮಾಡಿದ್ದು.”

ಅದರ ಕೆಳಗೆ ಜನ. “ಇದು ನಮ್ಮ ಮೇಡಂ ಅವರ ಕೃತಿ. ಕೂಡಲೇ ಅವರ ಹೆಸರು ಹಾಕಿ.” “ಗುಂಪಿನ ನಿಯಮ ಓದಿಕೊಂಡು ಬನ್ನಿ.” “ಮೇಡಂ ತಮ್ಮ ಬಾಲ್ಯದ ನೆನಪು ಹಂಚಿಕೊಂಡರೆ ಅದನ್ನೂ ಕದಿಯುತ್ತಾರಲ್ಲ.” “ಇಷ್ಟು ವಯಸ್ಸಾಗಿದೆ, ನಾಚಿಕೆಯಾಗಬೇಕು.” ಪುಟದಲ್ಲಿ ಅಕ್ಕನ ಭಾವಚಿತ್ರವಿತ್ತು, ಮಗಳ ಮದುವೆಯಲ್ಲಿ ತೆಗೆದದ್ದು. ಅದನ್ನು ನೋಡಿಯೇ ಆ ಮಾತು ಬಂದಿತ್ತು. ಸುಮ್ಮನಿರುವುದೂ ಕಳ್ಳತನ ಎಂದು ನಾನೇ ಕಲಿಸಿದ್ದೆನಲ್ಲ, ಶಿಷ್ಯರು ಒಳ್ಳೆಯ ಪಾಠ ಒಪ್ಪಿಸುತ್ತಿದ್ದರು.

ಆಗಲೇ ಬರೆಯಬಹುದಿತ್ತು. ಡಬ್ಬಿ ಮುಚ್ಚಿ ಕೈ ತೊಳೆದುಕೊಂಡು ಮಧ್ಯಾಹ್ನದ ಎರಡು ಪಾಠ ತೆಗೆದುಕೊಂಡೆ. ಒಂಬತ್ತನೆಯ ತರಗತಿಗೆ ಪತ್ರಲೇಖನ, ಹತ್ತನೆಯದಕ್ಕೆ ಸಮಾಸ. ಅಕ್ಕನಿಗೆ ಫೋನಿನ ರೂಢಿಯಿಲ್ಲ, ಜನ ಬರೆದದ್ದನ್ನು ನೋಡಿರಲಿಕ್ಕಿಲ್ಲ, ಸಂಜೆ ಮಗಳಿಗೆ ಹೇಳಿ ಅಳಿಸಿದರಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಸುಳ್ಳು ಉಳಿಯಬೇಕು, ಅವಳ ಎರಡು ಶಬ್ದ ಅಳಿಯಬೇಕು, ಆ ಎರಡು ತಾಸು ನನ್ನ ತಲೆಯಲ್ಲಿದ್ದದ್ದು ಅದೇ.

ಮನೆಗೆ ಬಂದಾಗ ಅಕ್ಕ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಫೋನು ತೊಡೆಯ ಮೇಲಿತ್ತು. ಅಣ್ಣಿಗೇರಿಯಿಂದ ಮಗಳು ಫೋನು ಮಾಡಿ ಎಲ್ಲವನ್ನೂ ಓದಿ ಹೇಳಿದ್ದಳು, ನನ್ನ ಹಳೆಯ ಪೋಸ್ಟುಗಳನ್ನೂ, ಅವುಗಳ ಕೆಳಗೆ ನಾನು ಬರೆದದ್ದನ್ನೂ.

“ಕುಂದ್ರು” ಎಂದಳು. ಚೀಲ ಹೆಗಲ ಮೇಲಿದ್ದಂತೆಯೇ ಕುಳಿತೆ.

“ಒಂದ ಮಾತ ಕೇಳ್ತೇನಿ. ನೀ ಇಂಗ್ಲೀಷಿನ್ಯಾಗ ಎಂದರ ಫೇಲ್ ಆಗಿದ್ದೇನಬೇ?”

ನಾನು ನೆಲ ನೋಡಿದೆ. ಭೂಮಿ ಬಾಯಿ ತೆರೆದು ನುಂಗಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ.

“ಇಲ್ರಿ ಅಕ್ಕಾ.”

“ಅದನ್ನರ ನನಗ ಬಿಡಬೇಕಿತ್ತು” ಎಂದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು, ನನಗೆ ಜಗಳ ಬರುತ್ತದೆ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು. “ನಂಗ ಇಷ್ಟುದ್ದ ಟೈಪ್ ಮಾಡಾಕ ಬರಂಗಿಲ್ಲ. ನೀನ ಬರಿ. ತಪ್ಪಾತು, ಕೇಳದ ಹಾಕಿದ್ದೆ, ಮಾಫ್ ಮಾಡ್ರಿ ಅಂತ ಬರದ ಕಳಸು.”

“ಅಕ್ಕಾ, ನೀವ್ಯಾಕ ಮಾಫಿ ಕೇಳ್ಬೇಕ್ರಿ?”

“ಮತ್ತ ಏನಂತ ಬರೀಲಿ? ನೀ ಸುಳ್ಳ ಹೇಳಿದಿ ಅಂತ ಬರೀಲೇನು? ನಾಳೆ ನೀ ಸಾಲಿಗೆ ಹೋಗಬೇಕಲ್ಲ. ಆ ಹುಡ್ರ ಮುಂದ ನಿಂದ್ರಬೇಕಲ್ಲ.”

ಅವಳು ನನ್ನನ್ನು ಉಳಿಸುತ್ತಿದ್ದಳು. ಆದರೆ ಅಂದು ನಾನು ಮಾಡಿದ್ದೇನು? ಬರೆದೆ. ಅವಳ ಫೋನಿನಲ್ಲಿ, ಅವಳ ಹೆಸರಿನಿಂದ, ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದೆ. “ಇದು ಮೇಡಂ ಅವರ ಕೃತಿ. ಅನುಮತಿಯಿಲ್ಲದೆ ಹಂಚಿದ್ದಕ್ಕೆ ಕ್ಷಮೆಯಿರಲಿ.” ಕಾಗುಣಿತ ಸರಿಯಿದೆಯೇ ಎಂದೂ ನೋಡಿದೆ. ಹೆದರಿದ ಮನುಷ್ಯನ ಕೈ ಎಂಥ ಕೆಲಸಕ್ಕೂ ಹೇಸುವುದಿಲ್ಲ. ಅವಳು ಫೋನು ತಿರುಗಿಸಿಕೊಂಡು ಬೆರಳಿಟ್ಟು ಓದಿದಳು, ಮೊದಲ ಸಾಲಿನಲ್ಲಿ ನಿಂತಳು.

“ಇದನ್ನ ತಗಿ.”

“ಯಾವುದ್ರಿ?”

“ಮೇಡಮ್ಮೋರದು ಅಂತ ಬರದೀಯಲ್ಲ, ಅದು. ತಪ್ಪಾತು ಅಂತ ಎಷ್ಟ ಸಲ ಬೇಕಾದ್ರೂ ಬರಿ. ನೀ ಮಾಡಿದ್ದು ಅಂತ ನನ್ನ ಫೋನಿನ್ಯಾಗ ಬರೀಬ್ಯಾಡ.”

ಕ್ಷಮೆ ಕೇಳಲು ತಯಾರಿದ್ದಳು, ಜನರ ಕಣ್ಣಿಗೆ ಕಳ್ಳಿಯಾಗಲೂ ತಯಾರಿದ್ದಳು. ಆ ಹುಡುಗಿಯನ್ನು ಮಾತ್ರ ಬಿಟ್ಟುಕೊಡಲೊಲ್ಲಳು. ನಾನು ಬರೆದದ್ದನ್ನೆಲ್ಲ ಅಳಿಸಿದೆ. ಅಲ್ಲಿಯೇ, ಅವಳ ಎದುರಿಗೆ ಕುಳಿತು ನನ್ನ ಫೋನು ತೆಗೆದು ನಡೆದದ್ದನ್ನು ಬರೆದೆ. ಮೂರೂ ಪುಸ್ತಕ ನಮ್ಮ ಅಕ್ಕನವು. ಒಂದು ಹಾಳೆಯನ್ನೂ ನಾನು ಮಡಿಚಿಲ್ಲ. ನನ್ನ ಬಾಲ್ಯ ಎಂದದ್ದು ಸುಳ್ಳು, ಅದು ಅವಳದು. ಅವಳ ಹೆಸರು, ಅವಳ ಊರು ಬರೆದು, ನಿಮ್ಮಲ್ಲಿ ಯಾರು ಅವಳನ್ನು ಬೈದಿದ್ದೀರೋ ಅವರು ನನ್ನನ್ನು ಬೈಯಬೇಕು ಎಂದು ಮುಗಿಸಿದೆ. ಓದಿ ಹೇಳಿದೆ. ಅಕ್ಕ ಒಲೆ ಹಚ್ಚಲು ಎದ್ದು ಹೋದಳು. ಕಳಿಸಿದೆ.

ನಾಳೆ ಶಾಲೆಗೆ ಹೇಗೆ ಹೋಗಲಿ ಎಂದು ಹೆದರಿದ್ದೆ. ಹೆದರುವ ಕಾರಣವೇ ಇರಲಿಲ್ಲ. ಮಾರನೆಯ ದಿನ ಅಕ್ಕ ಅದೇ ಒಲೆಯ ಮುಂದೆ ಕುಳಿತು, “ಏನಂದ್ರ ನೋಡು ಮಂದಿ” ಎಂದಳು. ಈ ಸಲ ಒಂದು ಶಬ್ದವನ್ನೂ ನುಂಗದೆ ಓದಬೇಕೆಂದು ನಿಶ್ಚಯಿಸಿದ್ದೆ, ಓದಿದೆ.

“ಮೇಡಂ, ನಿಮ್ಮ ಪ್ರಾಮಾಣಿಕತೆಗೆ ಶರಣು.” “ತಪ್ಪು ಒಪ್ಪಿಕೊಳ್ಳಲು ಎಷ್ಟು ದೊಡ್ಡ ಮನಸ್ಸು ಬೇಕು.” “ಇಂಥ ಶಿಕ್ಷಕಿ ಎಲ್ಲ ಶಾಲೆಯಲ್ಲೂ ಇರಬೇಕು.” “ಕಣ್ಣೀರು ತರಿಸಿದಿರಿ ಮೇಡಂ, ಎಷ್ಟು ಚೆನ್ನಾಗಿ ಬರೆದಿದ್ದೀರಿ.” ಹೊಲದ ಪುಸ್ತಕಕ್ಕೆ ಬಂದದ್ದಕ್ಕಿಂತ, ಹುಡುಗಿಗೆ ಬಂದದ್ದಕ್ಕಿಂತ ಹೆಚ್ಚು ಮಂದಿ ಬಂದಿದ್ದರು. ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು. ಅಕ್ಕನ ಪುಸ್ತಕದ ಮಾತು ಎತ್ತಿದವರು ಇಬ್ಬರು. ಅವಳ ಪುಟಕ್ಕೆ ಹೋಗಿ ತಾವು ಬರೆದದ್ದನ್ನು ಅಳಿಸಿದವರು ಕೆಲವರು, ಕ್ಷಮಿಸಿ ಎಂದವರು ಒಬ್ಬರೂ ಇಲ್ಲ. ಅವಳ ಹೆಸರನ್ನು ಅಷ್ಟು ಸ್ಪಷ್ಟವಾಗಿ ಬರೆದಿದ್ದೆ; ಆದರೂ ಅವರೆಲ್ಲರಿಗೆ ಅವಳು ‘ಮೇಡಂ ಅವರ ಅಕ್ಕ’.

ಅಕ್ಕ ಕೊನೆಯವರೆಗೂ ಕೇಳಿದಳು. ರೊಟ್ಟಿ ತಿರುವಿ ಹಾಕಿದಳು.

“ಇದ್ರಾಗೂ ನೀನ ಆದಿ ನೋಡು” ಎಂದಳು. ಸಿಟ್ಟಿನಿಂದ ಅಂದದ್ದಲ್ಲ. ಹೊಲದ ಬದು ಯಾವ ಕಡೆಗಿದೆ ಎಂದು ತೋರಿಸುವ ಹಾಗೆ ತೋರಿಸಿದಳು, ಅಷ್ಟೇ.

ಈಗ ರದ್ದಿಯವನು ಬಂದರೆ ಅಕ್ಕನೇ ಗಾಡಿಯ ಹತ್ತಿರ ಹೋಗಿ ತನಗೆ ಬೇಕಾದ ಪುಸ್ತಕ ಆರಿಸಿಕೊಳ್ಳುತ್ತಾಳೆ. ಮಧ್ಯಾಹ್ನದ ಕೆಲಸ ನಿಂತಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಹೋಗುತ್ತಾರೆ, ಅಣ್ಣಿಗೇರಿಯಿಂದ ಮಗಳು ಬಂದಾಗ ಹಾಸಿಗೆಯ ಮೇಲೆಲ್ಲ ಹರವಿ ತೋರಿಸುತ್ತಾಳೆ, ಒಳಗಿನಿಂದ ನಗು ಕೇಳಿಸುತ್ತದೆ. ಎಷ್ಟು ಮಾಡಿದ್ದಾಳೆ, ಯಾವ ಪುಸ್ತಕ ಏನಾಗಿದೆ, ನನಗೆ ಗೊತ್ತಿಲ್ಲ. ನಾನು ಶಾಲೆಯಿಂದ ಬರುವ ಹೊತ್ತಿಗೆ ಎಲ್ಲವೂ ಟ್ರಂಕಿನಲ್ಲಿರುತ್ತದೆ. ಮಾತು ಬಿಟ್ಟಿಲ್ಲ, ಚಹಾ ಕೊಡುತ್ತಾಳೆ, ತರಗತಿಯ ಸುದ್ದಿ ಕೇಳುತ್ತಾಳೆ, ಡಬ್ಬಿ ಕಟ್ಟುತ್ತಾಳೆ. ತೋರಿಸ್ರಿ ಎಂದು ಕೇಳುವ ಬಾಯಿ ನನಗಿಲ್ಲ.

ಇದನ್ನು ಬರೆಯಲು ಶುರು ಮಾಡಿದಾಗ ಅವಳ ಹತ್ತಿರ ಹೋಗಿ ಕುಳಿತೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಮೊದಲ ಸಾಲಿನಲ್ಲಿಯೇ ನಿಮ್ಮ ಹೆಸರು ಹಾಕಲೇನ್ರಿ ಎಂದು ಕೇಳಿದೆ. ಅವಳು ಕೌದಿಯ ಸೂಜಿಗೆ ದಾರ ಪೋಣಿಸುತ್ತಿದ್ದಳು, ಪೋಣಿಸಿ ಗಂಟು ಹಾಕಿದಳು.

“ಬ್ಯಾಡ ತಂಗಿ” ಎಂದಳು. “ನೀ ಬರದ್ರ ಅದೂ ನಿಂದ ಆಗತೈತಿ.”